ಕ್ಲಿಂಗನ್ನರಿಗೆ ಸಿಗದ ಓ

ಮಾಟುಂಗದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರವಿಕೊಂಡು ಕೂತವರ ಹತ್ತಿರ ಏನು ಸಿಕ್ಕೀತು ಅಂತ ಯಾವ ಜೋಯಿಸನೂ ಹೇಳಲಾರ. ಇಂಜಿನಿಯರಿಂಗ್ ಗೈಡುಗಳು, ಬೆನ್ನು ಹರಿದ ಅಗಾಥಾ ಕ್ರಿಸ್ಟಿ, ಯಾರದೋ ಮದುವೆಗೆ ಉಡುಗೊರೆಯಾಗಿ ಬಂದು ಪುಟ ಬಿಡಿಸದೆಯೇ ಉಳಿದ ಗೀತಾಭಾಷ್ಯ, ಇವುಗಳ ಅಡಿಯಿಂದ ಅವತ್ತು ನನ್ನ ಕೈಗೆ ಎದ್ದು ಬಂದದ್ದು ಒಂದು ಕ್ಲಿಂಗನ್ ನಿಘಂಟು! ಹೌದು, ಕ್ಲಿಂಗನ್! ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ನೋಡಿದವರಿಗೆ ಆ ಸಿಡುಕು ಮೋರೆಯ ಅನ್ಯಗ್ರಹದ ಯೋಧರು ನೆನಪಿರಬಹುದು. ಅವರಿಗೂ ಒಂದು ಭಾಷೆ, ಆ ಭಾಷೆಗೊಂದು ವ್ಯಾಕರಣ, ಅದಕ್ಕೊಂದು ನಿಘಂಟು. ಅದು 1985ರಲ್ಲಿ ಅಮೆರಿಕದಲ್ಲಿ ಅಚ್ಚಾಗಿ, ಯಾವ ಯಾವ ಕೈ ದಾಟಿಯೋ ಏನೋ, ಉಡುಪಿ ಹೋಟೆಲುಗಳ ಒಗ್ಗರಣೆ ಘಮದ ಬೀದಿಗೆ ಬಂದು ಬಿದ್ದಿದೆ. ಚೌಕಾಸಿ ಮಾಡುವುದೂ ಮರೆತುಹೋಯಿತು ನನಗೆ.

ಬರೆದವರು ಮಾರ್ಕ್ ಒಕ್ರಾಂಡ್. ಹುಡುಗಾಟಕ್ಕೆ ಬಾಯಿಗೆ ಬಂದ ಸದ್ದು ಪೋಣಿಸಿದವರಲ್ಲ, ಪಕ್ಕಾ ಭಾಷಾವಿಜ್ಞಾನಿ. ಕ್ಯಾಲಿಫೋರ್ನಿಯಾದ ಮುತ್ಸುನ್ ಎಂಬ ಮೂಲನಿವಾಸಿಗಳ ಭಾಷೆಯ ವ್ಯಾಕರಣ ಬರೆದು 1977ರಲ್ಲಿ ಬರ್ಕ್ಲಿಯಲ್ಲಿ ಡಾಕ್ಟರೇಟ್ ಪಡೆದವರು. ಆ ಭಾಷೆಯನ್ನು ಚೆನ್ನಾಗಿ ಬಲ್ಲ ಕೊನೆಯ ಅಜ್ಜಿ 1930ರಲ್ಲೇ ತೀರಿಕೊಂಡಿದ್ದರು. ಹಾಸಿಗೆ ಹಿಡಿದ ಆಕೆಯ ಪಕ್ಕದಲ್ಲಿ ಕೂತು ಹ್ಯಾರಿಂಗ್ಟನ್ ಎಂಬ ವಿದ್ವಾಂಸ ಗೀಚಿಕೊಂಡ ಟಿಪ್ಪಣಿಗಳೇ ಒಕ್ರಾಂಡರಿಗೆ ದೊಡ್ಡ ಆಸರೆ. ಅಂದರೆ ನೋಡಿ, ಮಾತಾಡುವವರು ಒಬ್ಬರೂ ಉಳಿಯದ ಭಾಷೆಗೆ ವ್ಯಾಕರಣ ಕಟ್ಟಿದ ಮನುಷ್ಯ ಮುಂದೆ ಮಾತಾಡುವವರು ಇನ್ನೂ ಹುಟ್ಟದ ಭಾಷೆಗೆ ವ್ಯಾಕರಣ ಕಟ್ಟಿದರು! 1984ರ ಸ್ಟಾರ್ ಟ್ರೆಕ್ ಸಿನಿಮಾಕ್ಕಾಗಿ ಕ್ಲಿಂಗನ್ ಸಿದ್ಧವಾಯಿತು. ಮರುವರ್ಷ ಈ ನಿಘಂಟು.

ಅವತ್ತು ರಾತ್ರಿ ಡೊಂಬಿವಿಲಿಯ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಓದುತ್ತ ಹೋದಂತೆ ನನಗೆ ಮೈ ಜುಮ್ಮೆನ್ನತೊಡಗಿತು. ಈ ಭಾಷೆಯಲ್ಲಿ ‘ಡ’ ಇದೆ, ನಮ್ಮ ‘ಡ’ದ ಹಾಗೆಯೇ ನಾಲಿಗೆ ಮೇಲಕ್ಕೆ ಮಡಿಸಿ ಹೇಳುವಂಥದ್ದು. ಆದರೆ ‘ಟ’ ಇಲ್ಲ! ‘ಷ’ ಇದೆ, ‘ಸ’ ಇಲ್ಲ! ಟಠಡಢಣ ಅಂತ ಸಾಲಾಗಿ ಬಾಯಿಪಾಠ ಮಾಡಿ ಬೆಳೆದವನಿಗೆ ಇದು ಪಂಕ್ತಿಯಲ್ಲಿ ಎಲೆ ಹಾಕಿ ಒಬ್ಬನಿಗೆ ಮಾತ್ರ ಬಡಿಸಿದ ಹಾಗೆ ಕಾಣುತ್ತದೆ. ಬೇಕೆಂದೇ ಮಾಡಿದ್ದಂತೆ. ಮನುಷ್ಯರ ಭಾಷೆಗಳು ಸಾಲು ಇಷ್ಟಪಡುತ್ತವೆ, ಅನ್ಯಗ್ರಹದವರ ಭಾಷೆ ಸಾಲು ಮುರಿಯಲಿ ಅಂತ ಒಕ್ರಾಂಡರ ಲೆಕ್ಕ. ವಾಕ್ಯವೂ ಹಾಗೇ ತಲೆಕೆಳಗು: ಮೊದಲು ಕರ್ಮ, ಆಮೇಲೆ ಕ್ರಿಯಾಪದ, ಕೊನೆಗೆ ಕರ್ತೃ. ಬ್ರೆಜಿಲಿನ ಕಾಡಿನ ಹಿಶ್ಕರ್ಯಾನಾದಂಥ ಬೆರಳೆಣಿಕೆಯ ಭಾಷೆಗಳಲ್ಲಿ ಬಿಟ್ಟರೆ ಭೂಮಿಯ ಮೇಲೆ ಈ ಕ್ರಮವೇ ಅಪರೂಪ.

ಇಷ್ಟೆಲ್ಲ ಕಷ್ಟಪಟ್ಟು ಮನುಷ್ಯರಿಂದ ದೂರ ಓಡಿಸಿದ ಭಾಷೆ ಎರಡು ಕಡೆ ಸೀದಾ ಕನ್ನಡದ ಅಂಗಳಕ್ಕೆ ಬಂದು ನಿಂತಿದೆ!

ಒಂದು: ‘ಹೌದೋ ಅಲ್ಲವೋ’ ಎಂಬಂಥ ಪ್ರಶ್ನೆ ಕೇಳಬೇಕಾದರೆ ಕ್ಲಿಂಗನ್ನರು ಕ್ರಿಯಾಪದದ ಬಾಲಕ್ಕೆ ಏನು ಸೇರಿಸುತ್ತಾರೆ ಗೊತ್ತೇ? ‘ಆ’! ‘ಪವ್’ ಅಂದರೆ ಬರು, ತಲುಪು. ‘ಪವ್‌ಆ?’ ಅಂದರೆ ‘ಬರುತ್ತಾನಾ?’ ಗಂಟಲಲ್ಲಿ ಸ್ವಲ್ಪ ತುಂಡರಿಸಿ ಹೇಳಬೇಕು, ಅಷ್ಟೇ ವ್ಯತ್ಯಾಸ. (ಅದೇ ‘ಆ’ ಅನ್ನು ನಾಮಪದಕ್ಕೆ ಅಂಟಿಸಿದರೆ ವಸ್ತು ದೊಡ್ಡದಾಗುತ್ತದೆ, ಗಾಳಿ ಬಿರುಗಾಳಿಯಾಗುತ್ತದೆ. ಅದು ಅವರ ಚೋದ್ಯ.) ಇನ್ನೊಂದು: ‘ಬಂದ ಮನುಷ್ಯ’ ಅನ್ನಲು ಅವರು ‘ಪವ್‌ಪುಬೊಘ್ ಘೊತ್’ ಅನ್ನುತ್ತಾರೆ. ಪವ್‌ಪುಬೊಘ್ ಅಂದರೆ ‘ಬಂದ’, ಘೊತ್ ಅಂದರೆ ‘ವ್ಯಕ್ತಿ’. ಕ್ರಮವೂ ನಮ್ಮದೇ! ಇಂಗ್ಲಿಷಿನವರು ತಲೆ ಕೆರೆದುಕೊಳ್ಳುವಲ್ಲಿ ಕನ್ನಡದವನು ಚಪ್ಪಲಿ ಬಿಟ್ಟು ಒಳಗೆ ಹೋಗಬಹುದು.

ಹೀಗೆ ಬೀಗುತ್ತ ಓದುತ್ತಿದ್ದವನು ಮರುದಿನ ಬೆಳಗ್ಗೆ ಲೋಕಲ್ಲಿನಲ್ಲಿ ಎಡವಿದೆ.

ನಮ್ಮದೊಂದು ಗುಂಪು ಇದೆ. ಡೊಂಬಿವಿಲಿಯಿಂದ ವಿ.ಟಿ.ಗೆ, ವರ್ಷಗಳಿಂದ ಅದೇ ಡಬ್ಬಿ, ಅದೇ ಮೂಲೆ. ಕಿಟಕಿ ಸೀಟು ಧಾರವಾಡ ಕಡೆಯ ಹಿರಿಯರೊಬ್ಬರದು. ಅವರನ್ನು ನಾವೆಲ್ಲ ‘ಕಿಟಕಿ ಅಜ್ಜ’ ಅನ್ನುತ್ತೇವೆ, ಅವರಿಗೂ ಅದು ಗೊತ್ತು. ಅವತ್ತು ಸೋಮವಾರ, ಕಿಟಕಿ ಸೀಟು ಖಾಲಿ. ಮುಂಬಯಿ ಲೋಕಲ್ಲಿನಲ್ಲಿ ಖಾಲಿ ಸೀಟು ಮೂರು ಸೆಕೆಂಡು ಇರುವುದೂ ಒಂದು ಘಟನೆಯೇ. ಆ ಮೂರು ಸೆಕೆಂಡು ಎಲ್ಲರೂ ಸೀಟಿನ ಕಡೆ ನೋಡಿದರು, ಎಲ್ಲರೂ ಒಂದೇ ಮಾತು ಹೇಳಿದರು, ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ. ನಾನಂದೆ: ‘ಎಲ್ಲಿಗೆ ಹೋದರೋ ಗೊತ್ತಿಲ್ಲ.’ ಬ್ಯಾಂಕಿನ ಮರಾಠಿಗ: ‘ಕುಠೇ ಗೇಲೇ ತೇ ಮಾಹೀತ್ ನಾಹೀ.’ ಬಟ್ಟೆ ವ್ಯಾಪಾರದ ಗುಜರಾತಿ: ‘ಕ್ಯಾಂ ಗಯಾ ತೇ ಖಬರ್ ನಥೀ.’ ಮಾಟುಂಗದ ತಮಿಳರ ಪೈಕಿಯ ಹುಡುಗ: ‘ಎಂಗೆ ಪೋನಾರ್‌ನು ತೆರಿಯಲೆ.’ ಠಾಣೆಯಲ್ಲಿ ಹತ್ತಿದ ಸಾರಸ್ವತರು ಕೊಂಕಣಿಯಲ್ಲಿ: ‘ಖಂಯ್ ಗೆಲ್ಲೆ ಕೀ ಕಳ್ನಾ.’ ಕೊನೆಗೆ ಬಾಗಿಲಲ್ಲಿ ಜೋತುಬಿದ್ದ ಹುಡುಗ, ಯಾವ ಊರಿನವನೋ, ಬಂಬಯ್ಯಾ ಹಿಂದಿಯಲ್ಲಿ ಮುಗಿಸಿದ: ‘ಕಿಧರ್ ಗಯಾ? ಪತಾ ನಹೀ.’

ಅಷ್ಟರಲ್ಲಿ ನನ್ನ ತಲೆಯೊಳಗಿನ ಹೊಸ ಹುಚ್ಚು ಕೇಳಿತು: ಸರಿ, ಇದನ್ನೇ ಕ್ಲಿಂಗನ್ನಿನಲ್ಲಿ ಹೇಳು ನೋಡೋಣ!

ಚೀಲದಿಂದ ಪುಸ್ತಕ ತೆಗೆದೆ. ‘ಎಲ್ಲಿಗೆ’ ಇದೆ: ನುಕ್‌ಡಕ್. ‘ಹೋಗಿದ್ದಾನೆ’ ಇದೆ: ಜಹ್‌ಪು. ‘ನನಗದು ತಿಳಿಯದು’ ಇದೆ: ವಿಷೊವ್‌ಬೆ. ಮೂರನ್ನೂ ಹೊಲಿಯುವ ದಾರ? ಮುಲುಂಡ್ ದಾಟಿತು, ಘಾಟ್‌ಕೋಪರ್ ದಾಟಿತು. ಪ್ರಶ್ನೆಗಳ ಅಧ್ಯಾಯ ನೋಡಿದೆ, ಸಂಯುಕ್ತ ವಾಕ್ಯದ ಅಧ್ಯಾಯ ನೋಡಿದೆ. ಕುರ್ಲಾ ಬಂದರೂ ಇಲ್ಲ. ದಾದರಿನಲ್ಲಿ ಜನ ಇಳಿದು ಸ್ವಲ್ಪ ಉಸಿರಾಡುವಾಗ ಹೊಳೆಯಿತು: ಈ ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ! ಯುದ್ಧನೌಕೆಗಳನ್ನು ಬಣ್ಣಿಸಬಲ್ಲ, ಶತ್ರುವನ್ನು ಹತ್ತು ಬಗೆಯಲ್ಲಿ ಬೈಯಬಲ್ಲ ಭಾಷೆಗೆ ‘ಎಲ್ಲಿಗೆ ಹೋದನೋ ಗೊತ್ತಿಲ್ಲ’ ಅನ್ನುವ ನೆಟ್ಟಗಿನ ದಾರಿ ಇಲ್ಲ!

ಒಂದು ಪ್ರಶ್ನೆಯನ್ನು ಕೇಳದೆ, ಅದನ್ನು ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಇಟ್ಟು ಹೇಳುವುದು ನಾವು ದಿನಕ್ಕೆ ನೂರು ಸಲ ಮಾಡುವ ಕೆಲಸ. ‘ಯಾರು ಬಂದಿದ್ದರು ಅಂತ ಕೇಳು’, ‘ಹಾಲು ಉಕ್ಕಿತೋ ನೋಡು’, ‘ಎಷ್ಟಾಗುತ್ತೋ ಏನೋ’. ಎಷ್ಟು ಸಲೀಸು! ಸಲೀಸಾದ್ದರಿಂದಲೇ ಅದರೊಳಗೆ ಯಂತ್ರವೊಂದು ತಿರುಗುತ್ತಿದೆ ಅಂತ ನಮಗೆ ತಿಳಿಯುವುದೇ ಇಲ್ಲ. ಅದು ಇಲ್ಲದ ಭಾಷೆಗೆ ಬಂದಾಗ ಮಾತ್ರ ಕೈ ಗಾಳಿಯಲ್ಲಿ ತಡವರಿಸುತ್ತದೆ.

ಕ್ಲಿಂಗನ್ ಅದನ್ನು ಮಾಡಲಾರದ್ದು ಏಕೆ? ಇಲ್ಲಿದೆ ಮಜಾ. ಕ್ಲಿಂಗನ್ ಕ್ರಿಯಾಪದದ ಹಿಂದೆ ಪ್ರತ್ಯಯಗಳು ಲೋಕಲ್ಲಿನ ಬೋಗಿಗಳ ಹಾಗೆ ಜೋಡಿಕೊಳ್ಳುತ್ತವೆ. ಒಕ್ರಾಂಡ್ ಅವಕ್ಕೆ ಒಂಬತ್ತು ವರ್ಗ ಮಾಡಿ ನಂಬರು ಹಾಕಿದ್ದಾರೆ. ಒಂದು ವರ್ಗದಿಂದ ಒಂದೇ ಪ್ರತ್ಯಯ, ಅದೂ ನಂಬರಿನ ಕ್ರಮದಲ್ಲೇ. ಕಟ್ಟಕಡೆಯದು ಒಂಬತ್ತನೆಯ ವರ್ಗ. ‘ಹೌದೋ ಅಲ್ಲವೋ’ ಎಂದು ಪ್ರಶ್ನೆ ಕೇಳುವ ‘ಆ’ ಕೂರುವುದು ಅಲ್ಲಿ. ‘ಬಂದ ಮನುಷ್ಯ’ ಮಾಡುವ ‘ಬೊಘ್’ ಕೂರುವುದೂ ಅಲ್ಲೇ. ‘ಬಂದರೆ’, ‘ಬಂದಾಗ’, ‘ಬಂದದ್ದರಿಂದ’ ಎಂದು ವಾಕ್ಯವನ್ನು ಇನ್ನೊಂದಕ್ಕೆ ಕಟ್ಟುವ ಪ್ರತ್ಯಯಗಳೂ ಅಲ್ಲೇ! ಸೀಟು ಒಂದೇ. ಮೂವರ ಸೀಟಿನಲ್ಲಿ ನಾಲ್ಕನೆಯವನನ್ನು ಕೂರಿಸುವ ನಮ್ಮ ಊರಿನ ‘ಥೋಡಾ ಅಡ್ಜಸ್ಟ್ ಕರೋ’ ಅಲ್ಲಿ ನಡೆಯುವುದಿಲ್ಲ. ಪ್ರಶ್ನೆ ಕೂತರೆ ಕೊಂಡಿ ನಿಂತೇ ಇರಬೇಕು. ಕೊಂಡಿ ಕೂತರೆ ಪ್ರಶ್ನೆ ಇಳಿದುಹೋಗಬೇಕು.

‘ಎಲ್ಲಿಗೆ’, ‘ಯಾರು’ ಎಂಬ ಪ್ರಶ್ನೆಗಳಿಗೆ ಆ ‘ಆ’ ಬೇಡ, ಅವಕ್ಕೆ ಇನ್ನೊಂದು ಬಾಗಿಲು ಇದೆ. ‘ಬಂದಿದ್ದಾನೆ ಅಂತ ಗೊತ್ತು’ ಅನ್ನಲು ಕ್ಲಿಂಗನ್ನರು ಎರಡು ಪೂರ್ತಿ ವಾಕ್ಯ ಮಾಡಿ ನಡುವೆ ‘ಎ’ ಎಂಬ ಪುಟ್ಟ ಸರ್ವನಾಮ ಇಡುತ್ತಾರೆ: ‘ಪವ್‌ಪು ಎ ವಿಷೊವ್.’ ಬಂದಿದ್ದಾನೆ, ಅದು, ನಾನು ಬಲ್ಲೆ. ಆ ‘ಎ’ ಅಂದರೆ ‘ಈಗಷ್ಟೇ ಹೇಳಿದ ವಾಕ್ಯ’. ಹಾಗಾದರೆ ‘ನುಕ್‌ಡಕ್ ಜಹ್‌ಪು ಎ ವಿಷೊವ್‌ಬೆ’ ಅನ್ನಬಹುದಲ್ಲ? ಎಲ್ಲಿಗೆ ಹೋಗಿದ್ದಾನೆ, ಅದು, ನಾನರಿಯೆ? ಇದೇ ನೋಡಿ ಜಗಳದ ಬೇರು! 1992ರಲ್ಲಿ ಅಮೆರಿಕದಲ್ಲಿ ಕ್ಲಿಂಗನ್ ಭಾಷಾ ಸಂಸ್ಥೆ ಹುಟ್ಟಿ, ‘ಹೊಲ್‌ಕೆಡ್’ ಎಂಬ ತ್ರೈಮಾಸಿಕ ಬೇರೆ ಹೊರಟು, ಆ ಭಾಷೆ ಕಲಿತವರ ಒಂದು ಬಳಗ ಬೆಳೆಯಿತು. ಅಲ್ಲಿಂದ ಈ ‘ಎ’ಗೆ ಮೊದಲು ಪ್ರಶ್ನೆ ನಿಲ್ಲಬಹುದೇ ಎಂಬ ವಾದ ಸಂಧ್ಯಾವಂದನೆಯ ಹಾಗೆ ನಡೆದುಕೊಂಡು ಬಂದಿದೆ. ಪ್ರಶ್ನೆ ಅಂದರೆ ಕೇಳುವ ಕ್ರಿಯೆ, ಅದೊಂದು ಸಂಗತಿಯಲ್ಲ, ಸಂಗತಿಯಲ್ಲದ್ದನ್ನು ‘ಅದು’ ಅಂತ ಬೆರಳಿಟ್ಟು ತೋರಿಸುವುದು ಹೇಗೆ ಅಂತ ಒಂದು ಪಕ್ಷ. ಅರ್ಥ ಆಗುತ್ತದಲ್ಲ, ಮತ್ತೇನು ಅಂತ ಇನ್ನೊಂದು. ನುರಿತವರು ಹೆಚ್ಚಾಗಿ ಆ ದಾರಿ ತುಳಿಯುವುದೇ ಇಲ್ಲ.

ನಾನು ಎರಡನೆಯ ಪಕ್ಷ, ಅದಕ್ಕೆ ಕಾರಣ ಬ್ಯಾಂಕಿನ ಮರಾಠಿಗ! ‘ಕುಠೇ ಗೇಲೇ ತೇ ಮಾಹೀತ್ ನಾಹೀ.’ ಎಲ್ಲಿಗೆ ಹೋದರು, ಅದು, ಗೊತ್ತಿಲ್ಲ. ಆ ‘ತೇ’ ಏನು ಮಾಡುತ್ತಿದೆ ನೋಡಿ! ಪ್ರಶ್ನೆಯನ್ನು ಇದ್ದ ಹಾಗೇ ಬಿಟ್ಟು, ಅದರ ಬೆನ್ನಿಗೇ ‘ಅದು’ ಅಂತ ಬೆರಳಿಟ್ಟು, ಮುಂದೆ ನಡೆದಿದೆ. ಗುಜರಾತಿಯ ‘ತೇ’ ಕೂಡ ಅದೇ. ಅಮೆರಿಕದಲ್ಲಿ ಮೂರು ದಶಕ ‘ಆಗುತ್ತದೋ ಆಗುವುದಿಲ್ಲವೋ’ ಅಂತ ಜಗ್ಗಾಡಿದ ವಾಕ್ಯರಚನೆಯನ್ನು ಠಾಣೆಯಿಂದ ಕುಲಾಬಾವರೆಗೆ ಪ್ರತಿ ತರಕಾರಿ ಗಾಡಿಯವನೂ ಬೆಳಗಾಗೆದ್ದು ಬಳಸುತ್ತಿದ್ದಾನೆ. ಯಾರಾದರೂ ಆ ಬಳಗವನ್ನು ಒಂದು ದಿನ ದಾದರಿನ ಹೂವಿನ ಮಾರುಕಟ್ಟೆಗೆ ಕರೆತರಬೇಕು.

ಒಪ್ಪಿತ ಕ್ಲಿಂಗನ್ ಹೇಗಿರುತ್ತದೆ ಹಾಗಾದರೆ? ಎರಡು ತುಂಡು: ‘ನುಕ್‌ಡಕ್ ಜಹ್‌ಪು? ಜಿಷೊವ್‌ಬೆ.’ ಎಲ್ಲಿಗೆ ಹೋಗಿದ್ದಾನೆ? ನಾನರಿಯೆ. ಅಲ್ಲಾ ಮಾರಾಯ್ರೆ, ಇದು ಬಾಗಿಲಲ್ಲಿ ಜೋತುಬಿದ್ದ ಹುಡುಗನ ವಾಕ್ಯ ಅಲ್ಲವೇ! ‘ಕಿಧರ್ ಗಯಾ? ಪತಾ ನಹೀ.’ ಎಲ್ಲೆಲ್ಲಿಂದಲೋ ಬಂದ ಜನ ಒಬ್ಬರಿಗೊಬ್ಬರು ಅರ್ಥವಾಗಲು ವ್ಯಾಕರಣದ ಹೊಲಿಗೆಗಳನ್ನೆಲ್ಲ ಬಿಚ್ಚಿ, ತುಂಡು ತುಂಡನ್ನೇ ಪಕ್ಕಪಕ್ಕ ಇಟ್ಟು ಮಾತಾಡುವ ಊರು ಇದು. ನಕ್ಷತ್ರಗಳ ಆಚೆಯಿಂದ ಒಬ್ಬ ಕ್ಲಿಂಗನ್ ಯೋಧ ಬಂದು ಕಲ್ಯಾಣ್ ಸ್ಲೋ ಹತ್ತಿದರೆ ಈ ಒಂದು ವಿಷಯದಲ್ಲಾದರೂ ಅವನಿಗೆ ತವರುಮನೆಗೆ ಬಂದ ಹಾಗಾಗುತ್ತದೆ.

ಮೂರನೆಯ ಉಪಾಯವೂ ಅವರಿಗಿದೆ: ಪ್ರಶ್ನೆಯನ್ನು ಬಿಟ್ಟು ವಸ್ತುವನ್ನು ಹಿಡಿಯುವುದು. ‘ಯಾರು ಬಂದರು ಅಂತ ಗೊತ್ತು’ ಅನ್ನುವ ಬದಲು ‘ಬಂದ ವ್ಯಕ್ತಿಯನ್ನು ಬಲ್ಲೆ’: ‘ಪವ್‌ಪುಬೊಘ್ ಘೊತ್ ವಿಷೊವ್.’ ಕೇಳಲು ಚೆಂದ. ಆದರೆ ಒಂದು ಮದುವೆ ಮನೆ ಊಹಿಸಿಕೊಳ್ಳಿ. ಯಾರು ಯಾರು ಬಂದರು ಅಂತ ಪಟ್ಟಿ ಹಿಡಿದು ಕೂತ ಹುಡುಗನಿಗೆ ಎಲ್ಲ ಗೊತ್ತು, ಆದರೆ ಅವರಲ್ಲಿ ಒಬ್ಬರ ಪರಿಚಯವೂ ಅವನಿಗಿಲ್ಲ. ಬಂದವರನ್ನು ಅರಿಯದೆಯೇ ಯಾರು ಬಂದರೆಂದು ಬಲ್ಲ ಆ ಬಡಪಾಯಿಯ ಸ್ಥಿತಿಯನ್ನು ಈ ಉಪಾಯ ಹಿಡಿಯಲಾರದು.

ಇನ್ನು ಠಾಣೆಯ ಸಾರಸ್ವತರ ‘ಕೀ’ಗೆ ಬರುತ್ತೇನೆ. ಅಲ್ಲಿಯೇ ನಾನು ನಿಜವಾಗಿ ಬೆಚ್ಚಿಬಿದ್ದದ್ದು.

ಮುಂಬಯಿಯಲ್ಲಿ ಕೆನರಾ ಸಾರಸ್ವತರ ಬೇರು ಹಳೆಯದು. ಗಾಮ್‌ದೇವಿಯಲ್ಲಿ ಅವರು ಸಹಕಾರಿ ವಸತಿ ಸಂಘ ಕಟ್ಟಿಕೊಂಡದ್ದು 1915ರಷ್ಟು ಹಿಂದೆ. ಮನೆಮಾತು ಕೊಂಕಣಿ, ಅಂದರೆ ಮರಾಠಿಯ ಕುಲದ್ದು. ಆದರೆ ಅವರ ಕೊಂಕಣಿ ತಲೆತಲಾಂತರದಿಂದ ಕನ್ನಡದ ನೆರಳಲ್ಲಿ ಬೆಳೆದಿದೆ. ಮಂಗೇಶ ನಾಡಕರ್ಣಿ ಎಂಬ ಭಾಷಾವಿಜ್ಞಾನಿ 1975ರಲ್ಲಿ ‘ಲ್ಯಾಂಗ್ವೇಜ್’ ಎಂಬ ಅಮೆರಿಕದ ಹೆಸರಾಂತ ಪತ್ರಿಕೆಯಲ್ಲಿ ಈ ಕೊಂಕಣಿಯ ಬಗ್ಗೆ ಒಂದು ಲೇಖನ ಬರೆದು ವಿದ್ವಾಂಸರ ಹುಬ್ಬೇರಿಸಿದರು. ಮರಾಠಿ, ಹಿಂದಿಗಳಲ್ಲಿ ‘ಜೋ... ತೋ...’ ಅಂತ ಹೇಳುವ ವಾಕ್ಯವನ್ನು ಕನ್ನಡ ಹೇಗೆ ಹೇಳುತ್ತದೆ? ‘ಯಾವ ಹುಡುಗ ಬಂದನೋ ಅವನು...’ ಪ್ರಶ್ನೆಯ ‘ಯಾವ’, ಕೊನೆಯಲ್ಲೊಂದು ‘ಓ’. ಈ ಸಾರಸ್ವತ ಕೊಂಕಣಿ ತನ್ನ ಅಜ್ಜಿ ಕಾಲದ ‘ಜೋ’ವನ್ನು ಕೆಳಗಿಟ್ಟು, ಕನ್ನಡದ ಅಚ್ಚಿಗೆ ತನ್ನದೇ ಪದ ಸುರಿದುಕೊಂಡಿತು: ‘ಖಂಚೊ ಚೆರ್ಡೊ ಆಯ್ಲೊ ಕೀ, ತೊ...’ ಯಾವ ಹುಡುಗ ಬಂದನೋ, ಅವನು! ಒಂದು ಪದವೂ ಕನ್ನಡದ್ದಲ್ಲ, ಅಸ್ಥಿಪಂಜರ ಪೂರ್ತಿ ಕನ್ನಡ. ನಮ್ಮ ‘ಓ’ ಕುರ್ಚಿಯಲ್ಲಿ ಅವರ ‘ಕೀ’ ಕೂತಿದೆ. ‘ಖಂಯ್ ಗೆಲ್ಲೆ ಕೀ ಕಳ್ನಾ’ ಅಂತ ಅವರು ಲೋಕಲ್ಲಿನಲ್ಲಿ ನನ್ನ ಪಕ್ಕ ಕೂತು ಅಂದದ್ದು ಪದಶಃ ‘ಎಲ್ಲಿಗೆ ಹೋದರೋ ಗೊತ್ತಿಲ್ಲ’. ಇಷ್ಟು ವರ್ಷ ನಾನು ಅದನ್ನು ಕೇಳುತ್ತಲೇ ಇದ್ದೆ!

ಇಂಥದೇ ಇನ್ನೊಂದು ಕೌತುಕ ಸಾಂಗ್ಲಿ ಜಿಲ್ಲೆಯ ಕುಪವಾಡದ್ದು. ಕನ್ನಡ, ಮರಾಠಿ, ಉರ್ದು ಒಂದೇ ಬೀದಿಯಲ್ಲಿ ಬೆರೆಯುವ ಊರು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ: ಅಲ್ಲಿ ಪದಕೋಶ ಬೇರೆ ಬೇರೆ, ವ್ಯಾಕರಣ ಬಹುಮಟ್ಟಿಗೆ ಒಂದೇ. ಪದದ ಬದಲು ಪದ ಇಟ್ಟುಕೊಂಡು ಹೋದರೆ ಸಾಕು. ಕುಪವಾಡವನ್ನು ವಿದೇಶಿ ಪಠ್ಯಪುಸ್ತಕಗಳು ಬಲ್ಲವು. ನಮ್ಮಲ್ಲಿ ಎಷ್ಟು ಜನ ಬಲ್ಲರೋ.

‘ಎಷ್ಟು ಜನ ಬಲ್ಲರೋ.’ ನೋಡಿದಿರಾ, ಮತ್ತೆ ಬಂತು!

ಈಗ ಆ ‘ಓ’ ಕಡೆಗೇ ತಿರುಗೋಣ. ಒಂದೇ ಒಂದು ದೀರ್ಘ ಸ್ವರ, ಏನೇನು ಮಾಡುತ್ತದೆ! ‘ಚಹಾನೋ ಕಾಫಿಯೋ?’ ಇಲ್ಲಿ ಅದು ‘ಅಥವಾ’. ‘ಬರುತ್ತಾನೋ ಇಲ್ಲವೋ ಗೊತ್ತಿಲ್ಲ’: ಇಲ್ಲಿ ಪ್ರಶ್ನೆಯನ್ನು ವಾಕ್ಯದ ಹೊಟ್ಟೆಗೆ ಇಳಿಸುವ ಏಣಿ. ‘ಯಾರೋ ಬಂದರು’: ಇಲ್ಲಿ ‘ಯಾರು’ ಎಂಬ ಪ್ರಶ್ನೆಯೇ ಮನುಷ್ಯನಾಗಿ ಎದ್ದು ನಡೆದಿದೆ! ಎಲ್ಲಿ–ಎಲ್ಲೋ, ಏನು–ಏನೋ, ಹೇಗೆ–ಹೇಗೋ. ಕ್ಲಿಂಗನ್ನಿನಲ್ಲಿ ‘ಯಾರು’ ಅನ್ನಲು ‘ಇವ್’, ‘ಯಾರೋ’ ಅನ್ನಲು ‘ವಾಯ್’, ಎರಡಕ್ಕೂ ನಂಟೇ ಇಲ್ಲ. ಕನ್ನಡದಲ್ಲಿ ‘ಯಾರೋ’ ಅಂದರೆ, ನಾನು ನೋಡುವಂತೆ, ‘ಯಾರೋ, ನನಗೆ ಗೊತ್ತಿಲ್ಲ’ ಎಂಬ ಇಡೀ ವಾಕ್ಯದ ಬಾಲ ಉದುರಿ ಉಳಿದ ತಲೆ. ನಮ್ಮ ಪ್ರತಿಯೊಬ್ಬ ‘ಯಾರೋ’ನ ಒಳಗೂ ಒಂದು ಕೇಳದ ಪ್ರಶ್ನೆ ಅವಿತು ಕೂತಿದೆ. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಬಂದಾಗಿನಿಂದ ನಾವು ಅದನ್ನು ಮುಂಬಯಿಯ ಕಾದಂಬರಿ ಅಂತಲೇ ಓದಿದ್ದೇವೆ. ಈಗ ನನಗೆ ಅದು ‘ಯಾರೋ’, ‘ಏನೋ’, ‘ಏಕೋ’ಗಳು ಬೆನ್ನಟ್ಟಿದ ಮನುಷ್ಯನ ಕಥೆಯಾಗಿಯೂ ಕಾಣುತ್ತದೆ.

ಇದು ನಮ್ಮದೊಂದೇ ಸ್ವತ್ತು ಅಂತ ಕುಣಿಯುವ ಮೊದಲೇ ಇನ್ನೊಂದು ಅಚ್ಚರಿ ಕಾಲಿಗೆ ತೊಡರುತ್ತದೆ. ಜಪಾನಿ ಭಾಷೆಯಲ್ಲಿ ‘ಕ’ ಅಂತ ಒಂದು ಪ್ರತ್ಯಯ. ‘ದಾರೆ’ ಅಂದರೆ ಯಾರು, ‘ದಾರೆಕ’ ಅಂದರೆ ಯಾರೋ. ಎರಡು ವಸ್ತುಗಳ ನಡುವೆ ಬಂದರೆ ‘ಅಥವಾ’. ‘ಬಂದನೋ ಇಲ್ಲವೋ ತಿಳಿಯದು’ ಅನ್ನಲೂ ಅದೇ ‘ಕ’! ಮೂರು ಕೆಲಸ, ಒಂದೇ ಕೂಲಿಯಾಳು, ಅದೂ ಸಮುದ್ರದಾಚೆ, ಯಾವ ನೆಂಟಸ್ತಿಕೆಯೂ ಇಲ್ಲದೆ! ಪುತ್ತೂರು ಕಡೆಯಿಂದ ಬಂದ ನಮ್ಮ ಡಿ.ಎನ್. ಶಂಕರ ಭಟ್ಟರು 2004ರಲ್ಲಿ ಸರ್ವನಾಮಗಳ ಬಗ್ಗೆ ಆಕ್ಸ್‌ಫರ್ಡಿನಿಂದ ಪ್ರಕಟವಾದ ಪುಸ್ತಕದಲ್ಲಿ ಲೋಕದ ಭಾಷೆಗಳನ್ನೆಲ್ಲ ಜಾಲಾಡಿ, ‘ಯಾರು’ವಿಗೂ ‘ಯಾರೋ’ಗೂ ಇರುವ ಈ ನಂಟು ಎಷ್ಟೋ ಕಡೆ ಉಂಟೆಂದು ತೋರಿಸಿದ್ದಾರೆ. ಮಲಯಾಳದ ‘ಓ’ ಬಗ್ಗೆ ಕೆ.ಎ. ಜಯಶೀಲನ್ 2001ರಲ್ಲಿ, ಕನ್ನಡದ ‘ಓ’ ಬಗ್ಗೆ ಆರ್. ಅಮೃತವಲ್ಲಿ 2003ರಲ್ಲಿ ಬರೆದರು. ‘ಅಥವಾ’ ಎಂಬುದೇ ಪ್ರಶ್ನೆಯ ಬೀಜ ಅನ್ನುವ ದಿಕ್ಕಿನ ವಿಚಾರ. ಯೋಚಿಸಿ ನೋಡಿದರೆ ಹೌದಲ್ಲ! ‘ಎಲ್ಲಿಗೆ ಹೋದರೋ’ ಅಂದರೆ ಧಾರವಾಡಕ್ಕೋ, ಮಗಳ ಮನೆಗೋ, ಆಸ್ಪತ್ರೆಗೋ... ಮುಗಿಯದ ‘ಅಥವಾ’ಗಳ ಸರಮಾಲೆ. ಅದನ್ನೆಲ್ಲ ಮಡಚಿ ಒಂದು ಸ್ವರದಲ್ಲಿ ಇಟ್ಟಿದ್ದಾರೆ.

(ತಾಯಿ ಮಗನನ್ನು ‘ಎಲ್ಲಿಗೆ ಹೋಗಿದ್ಯೋ!’ ಅಂತ ಗದರುವ ‘ಓ’ ಬೇರೆ. ಅದರಲ್ಲಿ ಸಂದೇಹ ಇಲ್ಲ, ಮಗನಿಗೂ ಇಲ್ಲ.)

ಕೊನೆಯ ಅಚ್ಚರಿ ಸಿಕ್ಕಿದ್ದು ಊಟದ ಎಲೆಯ ಮುಂದೆ. ಆ ವಾರವೇ ಒಂದು ಮಧ್ಯಾಹ್ನ ಮಾಟುಂಗ ಸ್ಟೇಷನ್ನಿನ ಪಕ್ಕ, ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಕೂತಿದ್ದೆ. ಒಂದು ಕಾಗದದ ಮೇಲೆ ವಾಕ್ಯ ಗೀಚುತ್ತಿದ್ದೆ. ‘ಎಲ್ಲಿದ್ದಾನೋ ಗೊತ್ತಿಲ್ಲ’, ಸರಿ. ಹಾಗಾದರೆ ‘ಎಲ್ಲಿದ್ದಾನೋ ಗೊತ್ತು’? ನಾಲಿಗೆ ಒಪ್ಪಲಿಲ್ಲ. ಮತ್ತೊಮ್ಮೆ ಹೇಳಿದೆ, ಮತ್ತೂ ಒಪ್ಪಲಿಲ್ಲ. ‘ಎಲ್ಲಿದ್ದಾನೆ ಅಂತ ಗೊತ್ತು’ ಅನ್ನಬೇಕು. ಏನಾಶ್ಚರ್ಯ! ಗೊತ್ತಿಲ್ಲದಾಗ ‘ಓ’, ಗೊತ್ತಾದ ಕೂಡಲೇ ‘ಅಂತ’! ಪ್ರಶ್ನೆಯನ್ನು ಒಳಗಿಡಲು ಇಂಗ್ಲಿಷಿಗೆ ಒಂದೇ ಪೆಟ್ಟಿಗೆ, ಕನ್ನಡಕ್ಕೆ ಎರಡು. ‘ಅಂತ’ ಎಂಬುದು ಮಾತನ್ನು ಉದ್ಧರಿಸಿ ತರುವ ಪೆಟ್ಟಿಗೆ, ತಮಿಳು ಹುಡುಗನ ‘ನು’ವಿನ ಹಾಗೆ. ಅದು ಉತ್ತರವಿದ್ದರೂ ಹೊರುತ್ತದೆ, ಇಲ್ಲದಿದ್ದರೂ ಹೊರುತ್ತದೆ. ‘ಓ’ ಹಾಗಲ್ಲ. ಅದರ ಬಾಗಿಲು ಇನ್ನೂ ತೆರೆದಿರಬೇಕು. ಉತ್ತರ ಸಿಕ್ಕಿ ಬಾಗಿಲು ಹಾಕಿದ ಮನೆಯಲ್ಲಿ ಅದು ನಿಲ್ಲುವುದಿಲ್ಲ.

ನಿಯಮ ಸಿಕ್ಕಿತು ಅಂತ ಹಿಗ್ಗುತ್ತಿರುವಾಗ ಎದುರಿನ ಎಲೆಯವರು ತಮ್ಮ ಪಾಡಿಗೆ ಅಂದರು: ‘ಇವತ್ತು ಪಾಯಸ ಇದೆಯೋ ಇಲ್ಲವೋ, ದೇವರಿಗೇ ಗೊತ್ತು.’

ನನ್ನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ‘ಗೊತ್ತು’ ಇದೆ! ‘ಓ’ನೂ ಇದೆ! ವಾಕ್ಯ ಕಲ್ಲಿನ ಹಾಗೆ ಗಟ್ಟಿ ನಿಂತಿದೆ! ಒಂದು ಗಳಿಗೆ ನಿಯಮವೇ ಮುರಿಯಿತು ಅಂದುಕೊಂಡೆ. ಆಮೇಲೆ ಸಾರಿನ ಬಿಸಿಯ ಜೊತೆ ಹೊಳೆಯಿತು: ‘ದೇವರಿಗೇ ಗೊತ್ತು’ ಅಂದರೆ ನಮಗ್ಯಾರಿಗೂ ಗೊತ್ತಿಲ್ಲ ಅಂತಲೇ ಅರ್ಥ! ‘ಯಾರಿಗೆ ಗೊತ್ತು’ ಅಂದರೂ ಅಷ್ಟೇ. ‘ಎಲ್ಲಿದ್ದಾನೋ ಯಾರಿಗೆ ಗೊತ್ತು’ ಸಲೀಸಾಗಿ ಬರುತ್ತದೆ. ಮೇಲೆ ‘ಗೊತ್ತು’ವಿನ ಅಂಗಿ ತೊಟ್ಟರೂ ಒಳಗಿರುವುದು ‘ಗೊತ್ತಿಲ್ಲ’ವೇ ಅಂತ ಆ ಪುಟ್ಟ ‘ಓ’ ಮೂಸಿ ಕಂಡುಹಿಡಿಯುತ್ತದೆ. ಪದ ನೋಡಿ ಮರುಳಾಗುವ ಪೈಕಿ ಅಲ್ಲ ಅದು. ಯಾವ ಮೇಷ್ಟರೂ ನನಗಿದನ್ನು ಕಲಿಸಿರಲಿಲ್ಲ. ಆದರೂ ಮೂರು ವರ್ಷದ ಮಗುವಾಗಿದ್ದಾಗಿನಿಂದ ಒಂದು ಸಲವೂ ತಪ್ಪದೆ ಆಡಿಕೊಂಡು ಬಂದಿದ್ದೇನೆ. ನೀವೂ ಅಷ್ಟೇ. ಬೇಕಾದರೆ ಈಗಲೇ ಗಟ್ಟಿಯಾಗಿ ಹೇಳಿ ನೋಡಿ.

(ಪಾಯಸ ಇತ್ತು.)

ಕ್ಲಿಂಗನ್ನಿಗೆ ಮರಳಿದರೆ, ಒಕ್ರಾಂಡ್ ಒಂದು ಸೊಗಸಾದ ನೆಪ ಇಟ್ಟುಕೊಂಡಿದ್ದಾರೆ. ಭಾಷೆಯನ್ನು ತಾನು ಸೃಷ್ಟಿಸಿದ್ದಲ್ಲವಂತೆ, 1984ರ ಆ ಸಿನಿಮಾದ ಕೊನೆಗೆ ಸೆರೆಸಿಕ್ಕ ಮಾಲ್ಟ್ಸ್ ಎಂಬ ಕ್ಲಿಂಗನ್ ಕೈದಿಯನ್ನು ಕೇಳಿ ಕೇಳಿ ಬರೆದುಕೊಂಡದ್ದಂತೆ! ಕಲಿಯುವವರೂ ಈ ಆಟಕ್ಕೆ ನಿಷ್ಠರು. ಪುಸ್ತಕದಲ್ಲಿ ಇಲ್ಲದ್ದು ಎದುರಾದರೆ ಮಾಲ್ಟ್ಸ್ ಬಾಯಿ ಬಿಡಬೇಕು. ನನಗೆ ಇದು ಬರೀ ತಮಾಷೆ ಅನ್ನಿಸಲಿಲ್ಲ. ಸಾಯುತ್ತಿರುವ ಮುತ್ಸುನ್ ಅಜ್ಜಿಯ ಪಕ್ಕ ಹ್ಯಾರಿಂಗ್ಟನ್ ಗೀಚಿದ ಹಾಳೆಗಳನ್ನು ವರ್ಷಗಟ್ಟಲೆ ತಿರುವಿದವರು ಒಕ್ರಾಂಡ್. ಆ ಹಾಳೆಗಳಲ್ಲಿ ಇಲ್ಲದ್ದನ್ನು ಇನ್ನು ಯಾರನ್ನು ಕೇಳುವುದು? ಇಂಥ ಕಡೆ ಬೆಳೆದ ಮನಸ್ಸು ತನ್ನದೇ ಭಾಷೆಗೂ ಒಬ್ಬ ಸಾಕ್ಷಿಯನ್ನು ಕಲ್ಪಿಸಿಕೊಂಡಿತು, ಮತ್ತು ಅವನನ್ನು ಕೇಳದೆ ಉಳಿದ ಪ್ರಶ್ನೆಗಳನ್ನೂ ಹಾಗೇ ಬಿಟ್ಟಿತು. ‘ಎಲ್ಲಿಗೆ ಹೋದನೋ ಗೊತ್ತಿಲ್ಲ ಅನ್ನುವುದು ಹೇಗೆ’ ಅಂತ ಮಾಲ್ಟ್ಸ್‌ನನ್ನು ಯಾರಾದರೂ ಕೇಳಿದರೋ ಇಲ್ಲವೋ!

ಕಿಟಕಿ ಅಜ್ಜ ಮುಂದಿನ ಸೋಮವಾರ ಪ್ರತ್ಯಕ್ಷರಾದರು. ಅದೇ ಡಬ್ಬಿ, ಅದೇ ಸೀಟು, ಅದೇ ಮಡಚಿದ ಪೇಪರು. ಮರಾಠಿಗ, ಗುಜರಾತಿ, ತಮಿಳು ಹುಡುಗ, ಠಾಣೆಯ ಸಾರಸ್ವತರು, ಎಲ್ಲರೂ ಅವರನ್ನೇ ನೋಡುತ್ತಿದ್ದರು. ಕೇಳುವ ಕೆಲಸ ನನ್ನ ಪಾಲಿಗೆ ಬಂತು.

‘ಇಷ್ಟು ದಿನ ಎಲ್ಲಿಗೆ ಹೋಗಿದ್ರಿ?’

ಅವರು ಪೇಪರು ಬಿಡಿಸುತ್ತ ಹೇಳಿದರು:

‘ಎಲ್ಲೋ ಒಂದ್ ಕಡೆ ಹೋಗಿದ್ದೆ, ಬಿಡ್ರಿ.’